ಅರ್ಥಶಾಸ್ತ್ರದ ಟ್ಯೂಷನ್: ಪೆನ್ನು ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನನ್ನ ಮಗಳು ಪ್ರೌಢಶಾಲೆಯ ಕೊನೆಯ ಹಂತದಲ್ಲಿದ್ದಾಳೆ. ಅರ್ಥಶಾಸ್ತ್ರದ ವ್ಯಾಖ್ಯೆಗಳೆಲ್ಲ ಬಾಯಿಪಾಠ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ತಡವರಿಸುತ್ತಾಳೆ. ಇನ್ನೂ ಜಾಸ್ತಿ ಓದಿಸಬೇಕಾ, ಇಲ್ಲ ಟ್ಯೂಷನ್‌ಗೆ ಕಳಿಸಬೇಕಾ?

ಉತ್ತರ: ಜಾಸ್ತಿ ಓದಿಸುವುದರಿಂದ ಇದು ಸರಿಹೋಗುವುದಿಲ್ಲ. ಅವಳು ಓದುತ್ತಲೇ ಇದ್ದಾಳೆ. ತೊಡಕು ಇರುವುದು ಬೇರೆ ಕಡೆ.

ರಸಾಯನಶಾಸ್ತ್ರದಲ್ಲಿ ಹೊಸ ಪದ ಬಂದರೆ ಅದು ಹೊಸದು ಅಂತ ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ನಿಂತು ಕಲಿಯುತ್ತದೆ. ಅರ್ಥಶಾಸ್ತ್ರದಲ್ಲಿ ಹಾಗಲ್ಲ. ಬೇಡಿಕೆ, ವೆಚ್ಚ, ಲಾಭ, ಹೂಡಿಕೆ ಎಲ್ಲವೂ ನಾವು ದಿನಾ ಆಡುವ ಮಾತುಗಳು. ಪುಸ್ತಕದಲ್ಲಿ ಮಾತ್ರ ಇವಕ್ಕೆ ಬೇರೆಯೇ ಆದ, ತುಂಬಾ ಬಿಗಿಯಾದ ಅರ್ಥವಿದೆ. ಮಗು ಹಳೆಯ ಅರ್ಥ ಇಟ್ಟುಕೊಂಡೇ ಹೊಸ ಪಾಠ ಓದುತ್ತದೆ. ಎಲ್ಲ ಅರ್ಥವಾದ ಹಾಗೇ ಅನ್ನಿಸುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. "ಛತ್ರಿಯ ಬೆಲೆ ಇಳಿಯಿತು. ಛತ್ರಿಯ ಬೇಡಿಕೆಗೆ ಏನಾಯಿತು?" ಅಂತ ಮಗಳನ್ನು ಕೇಳಿ. "ಹೆಚ್ಚಾಯಿತು" ಅನ್ನುತ್ತಾಳೆ, ಬಹುಶಃ. ನಾವೆಲ್ಲ ಹಾಗೇ ಹೇಳುವುದು. ಆದರೆ ಪಾಠದ ಲೆಕ್ಕದಲ್ಲಿ ಅದು ತಪ್ಪು. ಬೇಡಿಕೆ ಅಂದರೆ ಒಂದು ಅಂಕಿಯಲ್ಲ, ಇಡೀ ರೇಖೆ. ಯಾವ ಬೆಲೆ ಇದ್ದರೆ ಜನ ಎಷ್ಟು ಕೊಳ್ಳುತ್ತಾರೆ ಅನ್ನುವ ಪೂರ್ತಿ ಪಟ್ಟಿ. ಬೆಲೆ ಇಳಿದಾಗ ನಾವು ಅದೇ ರೇಖೆಯ ಮೇಲೆ ಕೆಳಕ್ಕೆ ಜಾರುತ್ತೇವೆ. ಹೆಚ್ಚಾದದ್ದು ಬೇಡಿಕೆಯ ಪ್ರಮಾಣ. ಬೇಡಿಕೆ ಇದ್ದ ಹಾಗೇ ಇದೆ. ಮಳೆಗಾಲ ಶುರುವಾದರೆ ಆಗ ಇಡೀ ರೇಖೆಯೇ ಬಲಕ್ಕೆ ಸರಿಯುತ್ತದೆ. ಬೇಡಿಕೆ ಹೆಚ್ಚಾಗುವುದು ಅಂದರೆ ಅದು.

ಇದು ಬರೀ ಪದಗಳ ಜಗಳ ಅನ್ನಿಸಬಹುದು. ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದ ಮಗು ಪರೀಕ್ಷೆಯಲ್ಲಿ ಹೀಗೆ ಬರೆಯುತ್ತದೆ: ಮಳೆ ಬಂತು, ಬೇಡಿಕೆ ಹೆಚ್ಚಿತು, ಬೆಲೆ ಏರಿತು. ಬೆಲೆ ಏರಿದ್ದರಿಂದ ಬೇಡಿಕೆ ಇಳಿಯಿತು. ಬೇಡಿಕೆ ಇಳಿದದ್ದರಿಂದ ಬೆಲೆ ಮತ್ತೆ ಇಳಿಯಿತು. ಗಾಣದ ಎತ್ತಿನ ಹಾಗೆ ಸುತ್ತುತ್ತದೆ, ಎಲ್ಲಿ ನಿಲ್ಲಬೇಕೋ ಗೊತ್ತಾಗುವುದಿಲ್ಲ. ಚಿತ್ರ ಬರೆದು ನೋಡಿದ ಮಗು ನಿಲ್ಲುತ್ತದೆ. ರೇಖೆ ಸರಿದದ್ದು ಒಂದೇ ಸಲ. ಹೊಸ ರೇಖೆ ಪೂರೈಕೆಯ ರೇಖೆಯನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿಗೆ ಕಥೆ ಮುಗಿಯಿತು. ಬೆಲೆಯೂ ಜಾಸ್ತಿ, ಮಾರಾಟವೂ ಜಾಸ್ತಿ.

ಹೂಡಿಕೆಯದೂ ಇದೇ ಪಾಡು. ಯಾರೋ ಹಳೆಯ ಷೇರು ಕೊಂಡರೆ ನಾವು ಹೂಡಿಕೆ ಅನ್ನುತ್ತೇವೆ. ರಾಷ್ಟ್ರೀಯ ಆದಾಯದ ಪಾಠದಲ್ಲಿ ಅದು ಹೂಡಿಕೆಯೇ ಅಲ್ಲ, ಒಬ್ಬರ ಆಸ್ತಿ ಇನ್ನೊಬ್ಬರ ಕೈಗೆ ಹೋಯಿತು ಅಷ್ಟೇ. ಹೊಸ ಯಂತ್ರ, ಹೊಸ ಕಟ್ಟಡ, ದಾಸ್ತಾನಿಗೆ ಸೇರಿದ ಸರಕು, ಇವು ಅಲ್ಲಿ ಹೂಡಿಕೆ. ಲಾಭವೂ ಅಷ್ಟೇ. ಸ್ವಂತ ಕಟ್ಟಡದಲ್ಲಿ ವ್ಯಾಪಾರ ಮಾಡುವವರು ಬಾಡಿಗೆ ಕೊಡುವುದಿಲ್ಲ, ನಿಜ. ಆದರೆ ಆ ಕಟ್ಟಡವನ್ನು ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯನ್ನೂ ಅರ್ಥಶಾಸ್ತ್ರ ವೆಚ್ಚ ಅಂತಲೇ ಎಣಿಸುತ್ತದೆ.

ಇಂಥ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಬೇಕು. ತುಂಬಿದ ತರಗತಿಯಲ್ಲಿ "ಬೇಡಿಕೆ ಹೆಚ್ಚಾಯಿತು" ಅಂತ ಯಾರೋ ಅಂದರೆ ಅದು ಹಾಗೇ ಹಾದುಹೋಗುತ್ತದೆ. ಒಬ್ಬಳೇ ಕೂತು ಮಾತಾಡುವಾಗ ಮೇಷ್ಟ್ರು ಅಲ್ಲೇ ತಡೆದು "ಯಾವುದು ಹೆಚ್ಚಾಯಿತು? ಬರೆದು ತೋರಿಸು" ಅನ್ನಬಹುದು. ಖಾಸಗಿ ಪಾಠದ ನಿಜವಾದ ಬೆಲೆ ಇದೇ ಅಂತ ನಾನು ನಂಬಿದ್ದೇನೆ. ಶಾಲೆಯ ಶಿಕ್ಷಕರೇ ವಾರಕ್ಕೆ ಅರ್ಧ ಗಂಟೆ ಹೀಗೆ ಕೂರಿಸಿಕೊಳ್ಳುವುದಾದರೆ ಮೊದಲು ಅವರನ್ನೇ ಕೇಳಿ. ಆಗಲಿಲ್ಲ ಅಂದರೆ ಟ್ಯೂಷನ್. ಮೊದಲ ದಿನ ನೀವೂ ಪಕ್ಕದಲ್ಲಿ ಕೂತು ಒಂದೇ ವಿಷಯ ಗಮನಿಸಿ: ಪೆನ್ನು ಯಾರ ಕೈಯಲ್ಲಿ ಜಾಸ್ತಿ ಹೊತ್ತು ಇತ್ತು? ಮೇಷ್ಟ್ರ ಕೈಯಲ್ಲೇ ಇದ್ದರೆ ಅದು ಇನ್ನೊಂದು ತರಗತಿ ಅಷ್ಟೇ. ಬೇರೆಯವರನ್ನು ಹುಡುಕಿ.

ಪ್ರಶ್ನೆ: ಮಗ ಒಂದು ವರ್ಷದಿಂದ ಟ್ಯೂಷನ್‌ಗೆ ಹೋಗುತ್ತಿದ್ದಾನೆ. ಮನೆಗೆಲಸದಲ್ಲಿ ಒಳ್ಳೆ ಅಂಕ, ಪರೀಕ್ಷೆಯಲ್ಲಿ ತೀರಾ ಕಮ್ಮಿ. "ಟ್ಯೂಷನ್‌ನಲ್ಲಿ ಎಲ್ಲ ಅರ್ಥ ಆಗುತ್ತೆ ಅಪ್ಪಾ" ಅನ್ನುತ್ತಾನೆ. ನಂಬುವುದಾ?

ಉತ್ತರ: ನಂಬಿ. ಅವನು ಸುಳ್ಳು ಹೇಳುತ್ತಿಲ್ಲ. ಬೇರೆಯವರು ಲೆಕ್ಕ ಮಾಡುವುದನ್ನು ನೋಡುವಾಗ ಪ್ರತಿ ಹೆಜ್ಜೆಯೂ ಸರಿ ಅನ್ನಿಸುತ್ತದೆ. ಮುಂದಿನ ಹೆಜ್ಜೆ ಯಾವುದು ಅಂತ ತಾನೇ ತೀರ್ಮಾನಿಸಬೇಕಾದಾಗ ಕೈ ನಿಲ್ಲುತ್ತದೆ. ಇವು ಎರಡು ಬೇರೆ ಬೇರೆ ಕೆಲಸ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದು ನಿಮ್ಮ ಮಗನ ಕಥೆಯನ್ನೇ ಹೇಳುತ್ತದೆ. ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು. ಕೆಲವರು ಅದನ್ನು ಮತ್ತೆ ಓದಿದರು. ಕೆಲವರು ಬರಹ ಮುಚ್ಚಿಟ್ಟು ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದು. ಟ್ಯೂಷನ್ ಮುಗಿಸಿ ಬಂದ ಸಂಜೆ ಎಲ್ಲ ಗೊತ್ತು ಅನ್ನಿಸುವುದಕ್ಕೂ ಪರೀಕ್ಷೆಯ ದಿನ ಖಾಲಿ ಅನ್ನಿಸುವುದಕ್ಕೂ ನಡುವೆ ಇರುವುದು ಈ ಒಂದು ವಾರ.

ಮೇಷ್ಟ್ರ ಹತ್ತಿರ ನೇರವಾಗಿ ಮಾತಾಡಿ. ದೂರಿನ ದನಿ ಬೇಡ. ಅಂಕ ಸಿಗುವ ಮನೆಗೆಲಸವನ್ನು ಟ್ಯೂಷನ್‌ನಲ್ಲಿ ಬಿಡಿಸುವುದು ಬೇಡ ಅಂತ ಹೇಳಿ. ಅದು ಶಾಲೆಗೆ ಮಾಡುವ ಮೋಸವೂ ಹೌದು, ಮಗನಿಗೆ ಆಗುವ ನಷ್ಟವೂ ಹೌದು. ಅದೇ ಜಾತಿಯ, ಅಂಕಿ ಬದಲಿಸಿದ ಬೇರೆ ಲೆಕ್ಕ ಕೊಡಲಿ. ಪ್ರತಿ ಪಾಠದ ಮೊದಲ ಹತ್ತು ನಿಮಿಷ ಹೋದ ವಾರದ್ದನ್ನು ಪುಸ್ತಕ ಮುಚ್ಚಿ ಬರೆಸಲಿ. ಮನೆಗೆಲಸದ ಅಂಕ ಸ್ವಲ್ಪ ದಿನ ಇಳಿಯಬಹುದು. ದಯವಿಟ್ಟು ಆಗ ಬೈಯಬೇಡಿ. ಈಗ ಬರುತ್ತಿರುವುದು ಅವನ ಸ್ವಂತ ಅಂಕ.

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ. ಶಾಲೆಯಲ್ಲಿ ಅರ್ಥಶಾಸ್ತ್ರ ನನ್ನ ಇಷ್ಟದ ವಿಷಯ ಆಗಿತ್ತು. ಈಗ ಸೂಕ್ಷ್ಮ ಅರ್ಥಶಾಸ್ತ್ರದ ತುಂಬಾ ಕಲನಶಾಸ್ತ್ರ. ನಾನು ಗಣಿತದ ಟ್ಯೂಟರ್ ಹುಡುಕಲಾ, ಅರ್ಥಶಾಸ್ತ್ರದ್ದಾ?

ಉತ್ತರ: ಹಣ ಖರ್ಚು ಮಾಡುವ ಮೊದಲು ತೊಂದರೆ ಎಲ್ಲಿದೆ ಅಂತ ನೀವೇ ಕಂಡುಕೊಳ್ಳಬಹುದು. ಅರ್ಧ ಗಂಟೆ ಸಾಕು. ಈ ಲೆಕ್ಕ ತೆಗೆದುಕೊಳ್ಳಿ.

ಒಂದು ವಸ್ತುವಿನ ಬೇಡಿಕೆ: ಪ್ರಮಾಣ = 100 − 2 × ಬೆಲೆ. ಮಾರುವವರ ಆದಾಯ ಅತಿ ಹೆಚ್ಚು ಆಗುವುದು ಯಾವ ಬೆಲೆಗೆ?

ಆದಾಯ ಅಂದರೆ ಬೆಲೆ ಗುಣಿಸು ಪ್ರಮಾಣ. ಅಂದರೆ 100 × ಬೆಲೆ − 2 × ಬೆಲೆಯ ವರ್ಗ. ಇದರ ಅವಕಲನ, ಅಂದರೆ ಬೆಲೆ ಬದಲಾದಂತೆ ಆದಾಯ ಬದಲಾಗುವ ದರ, 100 − 4 × ಬೆಲೆ. ಅದನ್ನು ಸೊನ್ನೆ ಮಾಡಿದರೆ ಬೆಲೆ 25, ಪ್ರಮಾಣ 50, ಆದಾಯ 1250. ಇಲ್ಲಿ ಎಡವಿದರೆ ನಿಮಗೆ ಬೇಕಾದದ್ದು ಗಣಿತ. ನಾಚಿಕೆಪಡುವಂಥದ್ದು ಏನೂ ಇಲ್ಲ. ಒಂದು ಚರದ ಅವಕಲನ, ಆಂಶಿಕ ಅವಕಲನ, ನಿರ್ಬಂಧದೊಳಗೆ ಗರಿಷ್ಠ ಹುಡುಕುವ ಲಗ್ರಾಂಜ್ ವಿಧಾನ, ಈ ಮೂರು ಕೈಗೆ ಹತ್ತಿದರೆ ಎರಡನೇ ವರ್ಷದ ಬಹುಪಾಲು ಗಣಿತ ಮುಗಿಯಿತು. ಅದನ್ನು ಯಾವ ಒಳ್ಳೆ ಗಣಿತದ ಟ್ಯೂಟರ್ ಬೇಕಾದರೂ ಕಲಿಸುತ್ತಾರೆ.

ಇದು ಸಲೀಸಾಗಿ ಬಂತಾ? ಹಾಗಾದರೆ ಮುಂದಿನ ಪ್ರಶ್ನೆ. ಬೆಲೆ 10 ಇದ್ದಾಗ ಪ್ರಮಾಣ 80, ಆದಾಯ 800. ಬೆಲೆ 40 ಇದ್ದಾಗ ಪ್ರಮಾಣ 20, ಆದಾಯ ಮತ್ತೆ 800. ಎರಡೂ ಕಡೆ ಬೆಲೆಯನ್ನು ಒಂದೊಂದೇ ಏರಿಸಿ. 11ಕ್ಕೆ ಪ್ರಮಾಣ 78, ಆದಾಯ 858. ಏರಿತು. 41ಕ್ಕೆ ಪ್ರಮಾಣ 18, ಆದಾಯ 738. ಇಳಿಯಿತು. ರೇಖೆ ನೇರವಾಗಿದೆ, ಇಳಿಜಾರು ಎಲ್ಲೆಡೆ ಒಂದೇ. ಮತ್ತೆ ಯಾಕೆ ಹೀಗಾಯಿತು?

ಇದನ್ನು ನಿಮ್ಮದೇ ಮಾತಲ್ಲಿ, ಸೂತ್ರ ಮುಟ್ಟದೆ ಹೇಳಿ ನೋಡಿ. ಬೆಲೆ 10 ಇದ್ದಾಗ ಒಂದು ಏರಿಸುವುದು ಅಂದರೆ ಹತ್ತರಲ್ಲೊಂದು ಪಾಲು ಏರಿಕೆ. ಕಳೆದುಕೊಳ್ಳುವುದು 80ರಲ್ಲಿ ಎರಡು, ತೀರಾ ಸಣ್ಣ ಪಾಲು. ಬೆಲೆ 40 ಇದ್ದಾಗ ಅದೇ ಒಂದು ಅನ್ನುವುದು ನಲವತ್ತರಲ್ಲೊಂದು ಪಾಲು. ಕಳೆದುಕೊಳ್ಳುವುದು 20ರಲ್ಲಿ ಎರಡು, ಅಂದರೆ ಹತ್ತರಲ್ಲೊಂದು ಪಾಲು. ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಪ್ರಮಾಣ ಬದಲಾದ ಪಾಲನ್ನು ಬೆಲೆ ಬದಲಾದ ಪಾಲಿನಿಂದ ಭಾಗಿಸಿದ್ದು, ಅಳೆಯುವುದು ಪಾಲುಗಳನ್ನು, ಇಳಿಜಾರನ್ನಲ್ಲ. ಚಿಹ್ನೆ ಬಿಟ್ಟರೆ ಮೊದಲ ಕಡೆ ಅದು 0.25, ಎರಡನೇ ಕಡೆ 4, ಆದಾಯದ ನೆತ್ತಿಯಲ್ಲಿ ಸರಿಯಾಗಿ 1. ಇಲ್ಲಿ ಮಾತು ತಡವರಿಸಿದರೆ ನಿಮಗೆ ಗಣಿತದ ಟ್ಯೂಟರ್ ಬೇಡ. ಅರ್ಥಶಾಸ್ತ್ರ ಓದಿದವರು ಬೇಕು. ನಾನು ನೋಡಿದ ಮಟ್ಟಿಗೆ ಎರಡನೇ ವರ್ಷದವರು ಜಾಸ್ತಿ ನಿಲ್ಲುವುದು ಇಲ್ಲೇ. ತಪ್ಪು ಹೊರಿಸುವುದು ಮಾತ್ರ ಗಣಿತದ ಮೇಲೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಗಣಿತ ಚೆನ್ನಾಗಿ ಬರುವವರೂ ಇದರಲ್ಲಿ ಬೀಳುತ್ತಾರೆ. ಮೇಲಿನ ಸಮೀಕರಣದಲ್ಲಿ ಬೆಲೆ ಕಾರಣ, ಪ್ರಮಾಣ ಫಲ. ಗಣಿತದ ರೂಢಿಯಂತೆ ಕಾರಣ ಅಡ್ಡ ಅಕ್ಷದಲ್ಲಿ ಇರಬೇಕು. ಅರ್ಥಶಾಸ್ತ್ರದ ಚಿತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿದೆ. 1838ರಲ್ಲಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಕೂರ್ನೊ ಬೆಲೆಯನ್ನು ಅಡ್ಡ ಅಕ್ಷದಲ್ಲೇ ಇಟ್ಟಿದ್ದರು. 1890ರಲ್ಲಿ ಬಂದ, ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಅವರ ಪಠ್ಯದಿಂದ ಲಂಬ ಅಕ್ಷದ ರೂಢಿ ನೆಲೆಯೂರಿತು. ಹಾಗಾಗಿ ಸಮೀಕರಣದಲ್ಲಿ −2 ಇದ್ದರೂ ಚಿತ್ರದಲ್ಲಿ ಕಾಣುವ ಇಳಿಜಾರು −0.5. ಇದನ್ನು ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಿದರೆ ಸಾಕು. ಎಷ್ಟೋ ಜನ ವಿದ್ಯಾರ್ಥಿಗಳು ತಮ್ಮ ತಲೆಯಲ್ಲೇ ಏನೋ ದೋಷ ಅಂತ ಸುಮ್ನೆ ಕೊರಗುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಪ್ರಶ್ನೆ: ಆನ್‌ಲೈನ್ ಪಾಠ ಸಾಕಾ, ಎದುರಿಗೇ ಕೂರಬೇಕಾ?

ಉತ್ತರ: ವಿದ್ಯಾರ್ಥಿ ಚಿತ್ರ ಬರೆಯುವುದು ಮೇಷ್ಟ್ರಿಗೆ ಆ ಕ್ಷಣದಲ್ಲೇ ಕಾಣುವಂತಿದ್ದರೆ ಆನ್‌ಲೈನ್ ಸಾಕು. ಇಬ್ಬರೂ ಬರೆಯಬಹುದಾದ ಬೋರ್ಡ್ ಇರಲಿ, ಇಲ್ಲ ಕಾಗದದ ಕಡೆ ತಿರುಗಿಸಿದ ಫೋನ್ ಕ್ಯಾಮೆರಾ ಇರಲಿ. ಮುಗಿದ ಚಿತ್ರದ ಫೋಟೋ ಕಳಿಸುವುದು ಮಾತ್ರ ಸಾಲದು. ಯಾವ ರೇಖೆ ಮೊದಲು ಎಳೆದರು, ಎಲ್ಲಿ ಅಳಿಸಿದರು ಅನ್ನುವುದರಲ್ಲೇ ಅರ್ಧ ಸುದ್ದಿ ಇರುತ್ತದೆ.

ಪ್ರಶ್ನೆ: ಈಗಷ್ಟೇ ಅರ್ಥಶಾಸ್ತ್ರದಲ್ಲಿ ಪದವಿ ಮುಗಿಸಿದ್ದೇನೆ. ಮನೆಪಾಠ ಶುರುಮಾಡಬೇಕು ಅಂತಿದ್ದೇನೆ. ವಿಷಯ ಗೊತ್ತಿದೆ, ಹೇಗೆ ಕಲಿಸಬೇಕು ಅನ್ನುವುದೇ ಭಯ.

ಉತ್ತರ: ಭಯ ಇರುವುದು ಒಳ್ಳೆಯದೇ. ಈ ಕೆಲಸವನ್ನು ನೀವು ಹಗುರವಾಗಿ ತೆಗೆದುಕೊಂಡಿಲ್ಲ.

1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞರು ಬರೆದ ಪ್ರಬಂಧವೊಂದನ್ನು ಟ್ಯೂಷನ್ ಮಾಡುವವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಬ್ಬೊಬ್ಬರಿಗೇ ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ಮಾಮೂಲಿ ತರಗತಿಯ ನೂರರಲ್ಲಿ 98 ಜನರಿಗಿಂತ ಮುಂದಿದ್ದ ಅನ್ನುವುದು ಅದರ ಸಾರ. ನಂತರದ ಅಧ್ಯಯನಗಳಲ್ಲಿ ಲಾಭ ಕಂಡಿದೆ, ಆದರೆ ಅಷ್ಟು ದೊಡ್ಡದಲ್ಲ. ಬ್ಲೂಮ್ ಹೇಳಿದ ಪಾಠದಲ್ಲಿ ಆಗಾಗ ಸಣ್ಣ ಪರೀಕ್ಷೆ ಇತ್ತು, ತಪ್ಪು ತಿದ್ದಿದ ಮೇಲೇ ಮುಂದಿನ ಪಾಠ. ನೀವು ಎತ್ತಿಕೊಳ್ಳಬೇಕಾದದ್ದು 98 ಅನ್ನುವ ಅಂಕಿಯನ್ನಲ್ಲ, ಆ ಕ್ರಮವನ್ನು.

ಮೊದಲ ದಿನ ಪಾಠ ಮಾಡಬೇಡಿ. ವಿದ್ಯಾರ್ಥಿಯ ಹಳೆಯ ಉತ್ತರಪತ್ರಿಕೆ ತರಿಸಿ. ತಪ್ಪಾದ ಒಂದು ಉತ್ತರ ಆರಿಸಿ "ಆಗ ನಿನ್ನ ತಲೆಯಲ್ಲಿ ಏನು ಓಡುತ್ತಿತ್ತು?" ಅಂತ ಕೇಳಿ. ಬೈಯಲು ಕೇಳುತ್ತಿಲ್ಲ ಅಂತ ದನಿಯಲ್ಲೇ ಗೊತ್ತಾಗಬೇಕು.

ನಾನು ಶುರುವಿನಲ್ಲಿ ತುಂಬಾ ಮಾತಾಡುತ್ತಿದ್ದೆ. ಒಬ್ಬ ಹುಡುಗಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಮೂರು ತಿಂಗಳಾದ ಮೇಲೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಅವರ 1817ರ ಪ್ರಸಿದ್ಧ ಉದಾಹರಣೆ ಕೊಟ್ಟೆ. ಒಂದಿಷ್ಟು ಬಟ್ಟೆಗೆ ಇಂಗ್ಲೆಂಡಿನಲ್ಲಿ 100 ಜನರ ದುಡಿಮೆ, ಪೋರ್ಚುಗಲ್‌ನಲ್ಲಿ 90. ಒಂದಿಷ್ಟು ದ್ರಾಕ್ಷಾರಸಕ್ಕೆ ಇಂಗ್ಲೆಂಡಿನಲ್ಲಿ 120, ಪೋರ್ಚುಗಲ್‌ನಲ್ಲಿ 80. ಯಾರು ಏನು ಮಾಡಬೇಕು? "ಎರಡನ್ನೂ ಪೋರ್ಚುಗಲ್ಲೇ" ಅಂದಳು. ಅವಕಾಶ ವೆಚ್ಚದ, ಅಂದರೆ ಒಂದನ್ನು ಮಾಡಲು ಇನ್ನೊಂದನ್ನು ಎಷ್ಟು ಬಿಡಬೇಕು ಅನ್ನುವುದರ, ಪಾಠ ಆಗಿ ಆರು ವಾರ ಕಳೆದಿತ್ತು. ಅದು ಅವಳಿಗೆ ತಲುಪಿಯೇ ಇರಲಿಲ್ಲ. ನನಗೆ ಗೊತ್ತೂ ಆಗಿರಲಿಲ್ಲ.

ಆ ದಿನ ಉತ್ತರ ಹೇಳದೆ "ಪೋರ್ಚುಗಲ್ ಒಂದಿಷ್ಟು ದ್ರಾಕ್ಷಾರಸ ಮಾಡಿದರೆ ಎಷ್ಟು ಬಟ್ಟೆ ಬಿಡಬೇಕು?" ಅಂತಷ್ಟೇ ಕೇಳಿ ಕೂತೆ. ತುಂಬಾ ಹೊತ್ತು ಮೌನ. ಆಮೇಲೆ ಅವಳೇ 80ನ್ನು 90ರಿಂದ ಭಾಗಿಸಿದಳು, ಸುಮಾರು 0.89 ಬಂತು. ಇಂಗ್ಲೆಂಡಿನದು 1.2. "ಓ, ದ್ರಾಕ್ಷಾರಸ ಪೋರ್ಚುಗಲ್‌ನದು, ಬಟ್ಟೆ ಇಂಗ್ಲೆಂಡಿನದು" ಅಂದಳು. ಆ ಮೌನವನ್ನು ನಾನು ತುಂಬಿಬಿಟ್ಟಿದ್ದರೆ ಮತ್ತೆ ತಲೆಯಾಡಿಸುತ್ತಿದ್ದಳು ಅಷ್ಟೇ. ಹಾಗಾಗಿ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಮೊದಮೊದಲು ಹನ್ನೆರಡಕ್ಕೇ ಬಾಯಿ ಬಿಡಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ.