ಬಟ್ಟಲಿನ ಹತ್ತಿರ ಚಾಕು ಬೇಡ ಅಂದದ್ದು ಯಾಕೆ?

ನಮಸ್ಕಾರ. ಬಿಳಿಯರು ಬರುವ ಮುಂಚಿನ ಉತ್ತರ ಅಮೆರಿಕದ ಮೂಲನಿವಾಸಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಶ್ರಮ ಕಾಣುತ್ತದೆ. ಇಷ್ಟು ಹೇಳಿ ನೇರ ಎರಡನೇ ಪುಟಕ್ಕೆ ಹೋಗುತ್ತೇನೆ. ಅಲ್ಲಿ ನನಗೆ ಸಿಟ್ಟು ಬಂತು.

"ಅವರಿಗೆ ಭೂಮಿ ಯಾರ ಸೊತ್ತೂ ಆಗಿರಲಿಲ್ಲ. ಗಡಿ ಅಂದರೇನೆಂದೇ ಗೊತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಅಣ್ಣತಮ್ಮಂದಿರ ಹಾಗೆ ಬದುಕಿದರು."

"ಅವರು" ಅಂದರೆ ಯಾರು? ಮೊದಲ ಪುಟದಲ್ಲಿ ನೀವೇ ಈಗಿನ ನ್ಯೂಯಾರ್ಕ್ ಕಡೆಯ ಹೋಡೆನೊಶೋನಿ (ಇರೊಕ್ವಾ) ಒಕ್ಕೂಟದ ಹೆಸರು ಹೇಳಿದ್ದೀರಿ. ಮೋಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ: ಐದು ರಾಷ್ಟ್ರಗಳು. ತಮ್ಮ ನಾಡನ್ನೇ ಒಂದು ಉದ್ದನೆಯ ಮನೆ ಅಂದವರು. ಮೂಡಣ ಬಾಗಿಲ ಕಾವಲು ಮೋಹಾಕರದು, ಪಡುವಣ ಬಾಗಿಲು ಸೆನೆಕಾದವರದು, ನಡುವಿನ ಬೆಂಕಿ ಒನೊಂಡಾಗಾದವರದು. ಬಾಗಿಲು ಕಾಯುವವರಿಗೆ ಗಡಿ ಗೊತ್ತಿರಲಿಲ್ಲವೇ? ಒಂದೇ ಸೂರಿನಡಿ ಪಾಲಾಗಿ ಬೇರೆ ಬೇರೆ ಒಲೆ ಹಚ್ಚುವುದು ನಮಗೇನು ಹೊಸದಲ್ಲ. ಒಕ್ಕೂಟ ಕಟ್ಟುವ ಮುಂಚೆ ಈ ಐವರೂ ಹೊಡೆದಾಡುತ್ತಿದ್ದರು ಅಂತ ಅವರ ಹಿರಿಯರೇ ಹೇಳುವ ಕಥೆಯಿದೆ. ಒಕ್ಕೂಟ ಕಟ್ಟಿದಾಗ ಪೈನ್ ಮರದ ಬುಡದಲ್ಲಿ ಆಯುಧ ಹೂತದ್ದು ಅದಕ್ಕೇ.

ಇನ್ನು ಆ ತಟ್ಟೆ. ಹೋಡೆನೊಶೋನಿ ಮತ್ತು ಮಹಾಸರೋವರಗಳ ಸುತ್ತಲಿನ ಅನಿಶಿನಾಬೆ ಜನರ ನಡುವಿನ "ಒಂದು ಬಟ್ಟಲು, ಒಂದು ಚಮಚ" ಒಪ್ಪಂದವನ್ನು ನೀವು ನಮ್ಮ ಗಾದೆಮಾತಿನ ಹಾಗೆ ಮಾಡಿಬಿಟ್ಟಿದ್ದೀರಿ. ಅದು ಸಲಿಗೆಯಲ್ಲ, ಕರಾರು. ಬಟ್ಟಲು ಅಂದರೆ ಬೇಟೆಯ ನೆಲ. ಬೇಕಾದಷ್ಟೇ ತಗೋ, ಮಿಕ್ಕವರಿಗೆ ಉಳಿಸು, ಬಟ್ಟಲು ಚೊಕ್ಕವಾಗಿಡು. ಚಾಕು ಮಾತ್ರ ತರಬೇಡ, ರಕ್ತ ಬಿದ್ದೀತು. ಇದನ್ನು ಚಿಪ್ಪಿನ ಮಣಿಗಳ ಪಟ್ಟಿಯಲ್ಲಿ ಹೆಣೆದಿಟ್ಟರು. 1701ರಲ್ಲಿ ಫ್ರೆಂಚರೂ ಮೂಲನಿವಾಸಿ ರಾಷ್ಟ್ರಗಳೂ ಮಾಡಿಕೊಂಡ ಮಾಂಟ್ರಿಯಲ್ ಸಂಧಿಯಲ್ಲೂ ಬಟ್ಟಲಿನ ಮಾತು ಬಂತು. ಚಾಕು ಬೇಡ ಅಂದವರು ಚಾಕು ನೋಡಿದವರೇ ಅಲ್ವಾ?

"ಯಾರ ಸೊತ್ತೂ ಅಲ್ಲ" ಅನ್ನೋದು ಇನ್ನೂ ಅಪಾಯ. 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ನೆಲ 'ಕಂಡುಹಿಡಿದ'ವರಿಗೇ ಒಡೆತನ, ಮೂಲನಿವಾಸಿಗಳಿಗೆ ಇರುವುದು ವಾಸದ ಹಕ್ಕು ಅಷ್ಟೇ ಅಂತ ತೀರ್ಪಿತ್ತರು. ಹೊಗಳಿಕೆ ಅಂತ ನೀವು ಬರೆದ ಸಾಲನ್ನು ಮೂಲನಿವಾಸಿಗಳ ಎದುರು ಪಾರ್ಟಿ ವಕೀಲ ಖುಷಿಯಿಂದ ಎತ್ತಿಕೊಳ್ಳುತ್ತಾನೆ.

ಈ ರೋಗ ನನಗೂ ಇತ್ತು. ಪತ್ರಿಕೆ ಸೇರಿದ ಹೊಸದರಲ್ಲಿ ಜಾತ್ರೆಯ ವರದಿ ಬರೆದೆ: "ಇಡೀ ಊರೇ ಒಂದಾಗಿ ತೇರು ಎಳೆಯಿತು." ಡೆಸ್ಕಿನ ಹಿರಿಯರು "ಇಡೀ ಊರೇ" ಸುತ್ತ ಕೆಂಪು ಸುತ್ತು ಹಾಕಿ, "ಹಗ್ಗ ಮುಟ್ಟೋಕೆ ಯಾರನ್ನ ಬಿಡಲಿಲ್ಲ, ಕೇಳಿದ್ಯಾ?" ಅಂದರು. ಕೇಳಿರಲಿಲ್ಲ. ಮಾರನೇ ದಿನ ಮತ್ತೆ ಬಸ್ಸು ಹತ್ತಿದೆ. ಕೆರೆ ಏರಿಯ ಮೇಲೆ ನಿಂತು ದೂರದಿಂದ ತೇರು ನೋಡಿದವರು ಸಿಕ್ಕರು. ಅಷ್ಟರಲ್ಲಿ ಜಾತ್ರೆ ಸುದ್ದಿ ಹಳಸಿತ್ತು. ಆದರೂ ಡೆಸ್ಕಿನ ಹಿರಿಯರು ವರದಿ ಹಾಕಿದರು.

ಕೊನೆಯ ಎರಡು ಪುಟದ ಬಗ್ಗೆ ಏನೂ ಹೇಳಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸದ್ಯಕ್ಕೆ ಎರಡನೇ ಪುಟವೊಂದನ್ನೇ ತಿರುಗಿ ಬರೆದು ಕಳಿಸಿ. "ಅವರು" ಅಂತ ಬಂದ ಕಡೆಯೆಲ್ಲ ಹೆಸರು ಹಾಕಿ.