ಮೆಟ್ಟಿಲ ದೀಪಕ್ಕೆ ಯಾವ ಸೆನ್ಸರ್ ಹಾಕಿಸಬೇಕು?

ಪ್ರಶ್ನೆ: ನಮ್ಮದು ಮೂರು ಅಂತಸ್ತಿನ ಬಾಡಿಗೆ ಕಟ್ಟಡ. ಮೆಟ್ಟಿಲ ದೀಪ ಆರಿಸುವವರೇ ಇಲ್ಲ, ಬೆಳಗಿನವರೆಗೂ ಉರಿಯುತ್ತದೆ. ಅಂಗಡಿಯಲ್ಲಿ ಪಿಐಆರ್, ಮೈಕ್ರೋವೇವ್ ಎಂದು ಎರಡು ಬಗೆಯ ಸೆನ್ಸರ್ ತೋರಿಸಿದರು. ಯಾವುದು ಒಳ್ಳೆಯದು? ಗೇಟಿನ ದೀಪಕ್ಕೂ ಅದನ್ನೇ ಹಾಕಿಸಬಹುದಾ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಲೆಕ್ಕ ನೋಡೋಣ. 9 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬು ದಿನಾ 12 ಗಂಟೆ ಉರಿದರೂ ತಿಂಗಳಿಗೆ ಸುಮಾರು 10 ಯೂನಿಟ್ ಅಷ್ಟೇ. ಹಾಗಾಗಿ ಸೆನ್ಸರ್ ಹಾಕಿದರೆ ಬಿಲ್ ಅರ್ಧ ಆಗುತ್ತೆ ಅನ್ನುವ ಮಾತನ್ನು ನಂಬಬೇಡಿ. ಹಳೇ ಟ್ಯೂಬ್‌ಲೈಟ್ ಇದ್ದರೆ ಮೊದಲು ಅದನ್ನು ತೆಗೆಸಿ. ಸೆನ್ಸರ್‌ನಿಂದ ದೊಡ್ಡ ಲಾಭ ಎಂದರೆ, ದೀಪ ಆರಿಸೋದು ಯಾರ ಕೆಲಸ ಅನ್ನುವ ಕಿರಿಕಿರಿ ತಪ್ಪುತ್ತದೆ.

ನಿಮ್ಮ ಮೆಟ್ಟಿಲಿಗೆ ಪಿಐಆರ್ ಸಾಕು. ಅದು ಓಡಾಡುವ ಮೈಯ ಶಾಖವನ್ನು ಗುರುತಿಸುತ್ತದೆ. ಗೋಡೆ, ಬಾಗಿಲು, ಗಾಜಿನ ಆಚೆಯದು ಅದಕ್ಕೆ ಗೊತ್ತಾಗುವುದಿಲ್ಲ. ಮೈಕ್ರೋವೇವ್ ಅಲೆಗಳು ಮರದ ಬಾಗಿಲು, ತೆಳು ಗೋಡೆಗಳನ್ನು ದಾಟುತ್ತವೆ. ಬಾಡಿಗೆಯವರು ಮನೆಯೊಳಗೆ ನೀರು ಕುಡಿಯಲು ಎದ್ದರೂ ಹೊರಗೆ ದೀಪ ಹತ್ತಬಹುದು!

ಪಿಐಆರ್ ಎಲ್ಲಿ ಕೂರಿಸುತ್ತೀರಿ ಅನ್ನುವುದೂ ಮುಖ್ಯ. ಜನ ಅದರ ಮುಂದೆ ಅಡ್ಡ ಹಾದರೆ ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬಂದರೆ ತಡವಾಗುತ್ತದೆ. ನಿಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಗಾಳಿಯೇ ಮೈಯಷ್ಟು ಬಿಸಿಯಾದಾಗ ಅದು ಸ್ವಲ್ಪ ಮಂಕಾಗುವುದೂ ಉಂಟು. ಆಗ ಸೂಕ್ಷ್ಮತೆಯ ತಿರುಗಣೆಯನ್ನು ಒಂಚೂರು ಏರಿಸಿ. ಸಮಯದ ತಿರುಗಣೆಯನ್ನು ಎರಡು ನಿಮಿಷಕ್ಕಿಡಿ. ವಯಸ್ಸಾದವರು ಅರ್ಧ ಮೆಟ್ಟಿಲಲ್ಲಿ ಕತ್ತಲಲ್ಲಿ ನಿಲ್ಲಬಾರದು, ಅಲ್ವಾ? ಬೆಳಕಿನ ತಿರುಗಣೆ ಚಂದ್ರನ ಗುರುತಿನಲ್ಲಿದ್ದರೆ ಹಗಲು ದೀಪ ಹತ್ತುವುದಿಲ್ಲ. ಎಷ್ಟೋ ಜನ ಮಧ್ಯಾಹ್ನ ಪರೀಕ್ಷಿಸಿ, ಸೆನ್ಸರ್ ಕೆಟ್ಟಿದೆ ಎಂದು ಸುಮ್ನೆ ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಪರೀಕ್ಷಿಸುವಾಗ ಅದನ್ನು ಸೂರ್ಯನ ಗುರುತಿಗೆ ತಿರುಗಿಸಿ.

ಗೇಟಿಗೆ ಪಿಐಆರ್ ಬೇಡ. ಬೀದಿನಾಯಿ ಓಡಾಡಿದಾಗಲೆಲ್ಲ ದೀಪ ಹತ್ತಿ ಆರುತ್ತಿರುತ್ತದೆ. ಅಲ್ಲಿಗೆ ಸಂಜೆ ಹತ್ತಿಸಿ ಬೆಳಗ್ಗೆ ಆರಿಸುವ ಡೇ-ನೈಟ್ ಸೆನ್ಸರ್ ಸರಿ. ಅದರ ಮೇಲೆ ಅದೇ ಬಲ್ಬಿನ ಬೆಳಕು ಬೀಳಬಾರದು. ಬಿದ್ದರೆ ಬೆಳಗಾಯಿತೆಂದುಕೊಂಡು ದೀಪ ಆರಿಸುತ್ತದೆ, ಕತ್ತಲಾದ ಕೂಡಲೇ ಮತ್ತೆ ಹತ್ತಿಸುತ್ತದೆ. ರಾತ್ರಿಯೆಲ್ಲ ಇದೇ ಆಟ.

ಕೊಳ್ಳುವಾಗ ನ್ಯೂಟ್ರಲ್ ವೈರ್ ಸೇರುವ ಮೂರು ವೈರಿನ ಸೆನ್ಸರ್ ಕೇಳಿ. ಎರಡು ವೈರಿನದು ಹಾಕಿದರೆ ಎಲ್‌ಇಡಿ ಆರಿದ ಮೇಲೂ ಮಿಣಮಿಣ ಅನ್ನಬಹುದು. ಜೊತೆಗೆ ಸೆನ್ಸರ್ ತಪ್ಪಿಸಿ ದೀಪ ಹಾಕಲು ಎಲೆಕ್ಟ್ರಿಷಿಯನ್ ಕೈಲಿ ಒಂದು ಬೇರೆ ಸ್ವಿಚ್ ಇಡಿಸಿ. ಮನೆ ಖಾಲಿ ಮಾಡುವವರು ಸಾಮಾನು ಇಳಿಸುವ ದಿನ ಅದು ಬೇಕಾಗುತ್ತದೆ.