ಪಿನಿಯನ್ ಮೂತಿ ಎಷ್ಟು ಮೇಲೆ, ಎಷ್ಟು ಕೆಳಗೆ?

ಪ್ರಶ್ನೆ: ಸರ್, ನಮಸ್ಕಾರ. ನನ್ನದು ಹಳೆ ಅಂಬಾಸಿಡರ್. ಅದಕ್ಕೆ 1.8 ಲೀಟರ್ ಇಸುಜು ಪೆಟ್ರೋಲ್ ಎಂಜಿನ್ ಮತ್ತು 5 ಗೇರಿನ ಬಾಕ್ಸ್ ಹಾಕಿಸಿದ್ದೇನೆ. ಆರ್‌ಸಿಯಲ್ಲೂ ಬರೆಸಿದ್ದೇನೆ. ಹಿಂದೆ ಗಾಡಿ ತಗ್ಗಲಿ ಅಂತ ಪಾಟಾ (ಪಟ್ಟಿ ಸ್ಪ್ರಿಂಗ್) ಮತ್ತು ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ನಡುವೆ 2 ಇಂಚಿನ ಬ್ಲಾಕ್ ಕೊಟ್ಟಿದ್ದೇನೆ. ಬ್ಲಾಕ್ 3 ಡಿಗ್ರಿ ಓರೆ ಇದೆ, ದಪ್ಪ ಬದಿ ಮುಂದಕ್ಕಿದೆ. ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೊಸದಾಗಿ ಮಾಡಿಸಿ ಎರಡು ಸಲ ಬ್ಯಾಲೆನ್ಸ್ ಮಾಡಿಸಿದೆ. ಆದರೂ ಫಸ್ಟ್ ಗೇರಿನಲ್ಲಿ ಜೋರಾಗಿ ಎಳೆದರೆ ಗಡಗಡ ನಡುಗುತ್ತದೆ. 80–90ರಲ್ಲಿ ಆಕ್ಸಿಲರೇಟರ್ ಒತ್ತಿದರೆ ಗುಂಯ್ ಅನ್ನುತ್ತದೆ, ಕಾಲು ತೆಗೆದರೆ ಕಡಿಮೆ ಆಗುತ್ತದೆ. ಶಾಫ್ಟಿನ ಹಿಂದಿನ ಕ್ರಾಸ್ (ಯುನಿವರ್ಸಲ್ ಜಾಯಿಂಟ್) ಎರಡೇ ತಿಂಗಳಲ್ಲಿ ಹೋಯಿತು. ಮೊಬೈಲ್ ಇಟ್ಟು ಅಳೆದೆ: ಗೇರ್‌ಬಾಕ್ಸ್ ಹಿಂದಕ್ಕೆ 4 ಡಿಗ್ರಿ ಇಳಿಜಾರು, ಶಾಫ್ಟ್ ಹಿಂದಕ್ಕೆ 1.5 ಡಿಗ್ರಿ ಇಳಿಜಾರು, ಪಿನಿಯನ್ ಮೂತಿ (ಹೌಸಿಂಗಿಗೆ ಶಾಫ್ಟ್ ಸೇರುವ ತುದಿ) 7 ಡಿಗ್ರಿ ಮೇಲೆ. ಗೆಳೆಯರು ‘ಪಿನಿಯನ್ 3 ಡಿಗ್ರಿ ಕೆಳಗೆ ಇಡು’ ಅಂತಾರೆ. ಅಂದರೆ ನೆಲಕ್ಕೆ 3 ಡಿಗ್ರಿನಾ? ಹೇಗೆ ಸೆಟ್ ಮಾಡಬೇಕು?
— ಓದುಗರು, ಉದ್ಯಮಬಾಗ್, ಬೆಳಗಾವಿ

ಉತ್ತರ: ಅಳತೆ ಸಮೇತ ಬರೆದಿದ್ದೀರಿ, ಅದರಿಂದ ಅರ್ಧ ಕೆಲಸ ಮುಗಿದಂತಾಯಿತು. ಮೊದಲು ಗೆಳೆಯರ ಮಾತಿಗೆ ಬರೋಣ. 3 ಡಿಗ್ರಿ ಕೆಳಗೆ ಅಂದರೆ ನೆಲಕ್ಕೆ ಅಲ್ಲ. ಪಿನಿಯನ್ ಕೋನಕ್ಕೂ ನೆಲಕ್ಕೂ ಸಂಬಂಧವೇ ಇಲ್ಲ. ಸಂಬಂಧ ಇರುವುದು ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿಗೆ. ‘ಕೆಳಗೆ’ ಅಂದರೆ ಆ ಗೆರೆಗೆ ಸಮಾನಾಂತರವಾಗಿ ಇರಬೇಕಾದ ಜಾಗಕ್ಕಿಂತ ಕೆಳಗೆ. ಒಂದು ಗಾಡಿಯಲ್ಲಿ ಪಿನಿಯನ್ ಮೂತಿ ನೆಲದ ಲೆಕ್ಕದಲ್ಲಿ ಮೇಲಕ್ಕೆ ನೋಡುತ್ತಿದ್ದರೂ ಅದು ‘2 ಡಿಗ್ರಿ ಕೆಳಗೆ’ ಆಗಿರಬಹುದು. ಈ ಒಂದು ಮಾತು ತಪ್ಪಾಗಿ ತಿಳಿದು ಎಷ್ಟೋ ಒಳ್ಳೆಯ ಗಾಡಿಗಳ ಹೌಸಿಂಗನ್ನು ತಿರುಗಿಸಿ ಕೆಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೋನದ ಲೆಕ್ಕ ಯಾಕೆ ಬೇಕು? ನಿಮ್ಮ ಊರ ಸುತ್ತ ಕಬ್ಬಿನ ಹೊಲಗಳಿವೆ. ಟ್ರ್ಯಾಕ್ಟರ್ ರೋಟಾವೇಟರ್ ಹೊಡೆಯುತ್ತಾ ಹೊಲದ ಬದುವಿಗೆ ಬಂದಾಗ ಏನಾಗುತ್ತದೆ ನೋಡಿ. ತಿರುಗಿಸಲು ರೋಟಾವೇಟರ್ ಮೇಲೆತ್ತುತ್ತಾರೆ. ಪಿಟಿಓ (ರೋಟಾವೇಟರಿಗೆ ಟ್ರ್ಯಾಕ್ಟರ್ ಶಕ್ತಿ ಕೊಡುವ ಶಾಫ್ಟ್) ಬಂದ್ ಮಾಡದೆ ಎತ್ತಿದರೆ ಶಾಫ್ಟ್ ಕಟಕಟ ಅಂತ ಹೊಡೆದುಕೊಳ್ಳುತ್ತದೆ. ಕೆಳಗಿಳಿಸಿದ ಕೂಡಲೇ ಸುಮ್ಮನಾಗುತ್ತದೆ. ಶಾಫ್ಟ್ ಅದೇ, ಬ್ಯಾಲೆನ್ಸ್ ಅದೇ. ಬದಲಾದದ್ದು ಕೋನ ಮಾತ್ರ. ಅಲ್ಲಿ ಪಿಟಿಓ ತಿರುಗುವುದು ನಿಮಿಷಕ್ಕೆ 540 ಸುತ್ತು. ನಿಮ್ಮ ಪ್ರೊಪೆಲ್ಲರ್ ಶಾಫ್ಟ್ ಹೆದ್ದಾರಿಯಲ್ಲಿ ಅದರ ಐದಾರು ಪಟ್ಟು ತಿರುಗುತ್ತದೆ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಸಾಕೆಟ್ ಸೆಟ್ಟಿನಲ್ಲಿರುವ ಯುನಿವರ್ಸಲ್ ಜಾಯಿಂಟ್ ತೆಗೆದುಕೊಳ್ಳಿ. ಎರಡೂ ಬದಿಗೆ ಎಕ್ಸ್‌ಟೆನ್ಷನ್ ಹಾಕಿ, ಚೆನ್ನಾಗಿ ಬಗ್ಗಿಸಿ, ಒಂದು ತುದಿಯನ್ನು ಬೆರಳಲ್ಲಿ ನಿಧಾನವಾಗಿ, ಒಂದೇ ಸಮನೆ ತಿರುಗಿಸಿ. ಇನ್ನೊಂದು ತುದಿ ಒಂದೇ ಸಮನೆ ತಿರುಗುವುದಿಲ್ಲ. ಸ್ವಲ್ಪ ಓಡುತ್ತದೆ, ಸ್ವಲ್ಪ ನಿಧಾನವಾಗುತ್ತದೆ. ಒಂದು ಸುತ್ತಿಗೆ ಎರಡು ಸಲ ಓಟ, ಎರಡು ಸಲ ನಿಧಾನ. ಇದು ಕ್ರಾಸ್ ಜಾಯಿಂಟಿನ ಹುಟ್ಟುಗುಣ. ಎಷ್ಟು ಒಳ್ಳೆಯ ಕ್ರಾಸ್ ಹಾಕಿದರೂ ಹೋಗುವುದಿಲ್ಲ.

ಹಾಗಾಗಿಯೇ ಶಾಫ್ಟಿನ ಎರಡು ತುದಿಗೂ ಕ್ರಾಸ್ ಇರುತ್ತದೆ. ಮುಂದಿನದು ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಬೇಕು. ಅದು ಅಳಿಸಬೇಕಾದರೆ ಎರಡೂ ಕಡೆ ಕೋನ ಒಂದೇ ಇರಬೇಕು, ಶಾಫ್ಟಿನ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಕಿವಿಗಳು ಒಂದೇ ಸಾಲಿನಲ್ಲಿ ಇರಬೇಕು. ಕೋನ ದುಪ್ಪಟ್ಟಾದರೆ ಏರಿಳಿತ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನೂ ನೆನಪಿಡಿ.

ಈಗ ನಿಮ್ಮ ಲೆಕ್ಕ. ಮುಂದಿನ ಜಾಯಿಂಟಿನ ಕೋನ ಅಂದರೆ ಗೇರ್‌ಬಾಕ್ಸ್ ಮತ್ತು ಶಾಫ್ಟಿನ ನಡುವಿನ ವ್ಯತ್ಯಾಸ: 4ರಲ್ಲಿ 1.5 ಕಳೆದರೆ 2.5 ಡಿಗ್ರಿ. ಚೆನ್ನಾಗಿದೆ. ಹಿಂದೆ 7ರಲ್ಲಿ 1.5 ಕಳೆದರೆ 5.5 ಡಿಗ್ರಿ. ಗಾಡಿ ನಿಂತಾಗಲೇ ಎರಡರ ನಡುವೆ 3 ಡಿಗ್ರಿ ಅಂತರ. ಓಡುವಾಗ ಈ ಅಂತರ 1 ಡಿಗ್ರಿ ಒಳಗೆ ಇರಬೇಕು.

ಎಳೆಯುವಾಗ ಇದು ಇನ್ನೂ ಕೆಡುತ್ತದೆ. ಚಕ್ರ ಮುಂದಕ್ಕೆ ತಿರುಗಲು ನೆಲವನ್ನು ಹಿಂದಕ್ಕೆ ಒದೆಯುತ್ತದೆ, ಆಗ ಹೌಸಿಂಗ್ ಹಿಂದಕ್ಕೆ ಉರುಳಲು ನೋಡುತ್ತದೆ. ಪಾಟಾ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ತಿರುಚಿಕೊಳ್ಳುತ್ತದೆ, ಪಿನಿಯನ್ ಮೂತಿ ಮೇಲೇಳುತ್ತದೆ. ಹಳೆ ಪಾಟಾ, ಜಾಸ್ತಿ ಶಕ್ತಿಯ ಎಂಜಿನ್ ಸೇರಿದರೆ 3 ಡಿಗ್ರಿ ಏಳುವುದು ದೊಡ್ಡ ಮಾತಲ್ಲ. ಆಗ ನಿಮ್ಮ ಹಿಂದಿನ ಜಾಯಿಂಟ್ 8.5 ಡಿಗ್ರಿಗೆ ಹೋಗುತ್ತದೆ, ಮುಂದಿನದು 2.5ರಲ್ಲೇ ಉಳಿಯುತ್ತದೆ. ಹಿಂದಿನ ಏರಿಳಿತ ಮುಂದಿನದರ ಹತ್ತು ಪಟ್ಟಿಗೂ ಜಾಸ್ತಿ. ಫಸ್ಟ್ ಗೇರಿನ ಗಡಗಡ ಇದೇ.

90ರ ಗುಂಯ್ ಸದ್ದಿಗೂ ಲೆಕ್ಕ ಇದೆ. ಟೈರಿನ ಸುತ್ತಳತೆ 2 ಮೀಟರ್, ಹೌಸಿಂಗ್ ಅನುಪಾತ 4 (ಚಕ್ರದ ಒಂದು ಸುತ್ತಿಗೆ ಶಾಫ್ಟಿನ 4 ಸುತ್ತು) ಅಂದುಕೊಳ್ಳೋಣ. ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. ಚಕ್ರ ಹನ್ನೆರಡೂವರೆ ಸುತ್ತು, ಶಾಫ್ಟ್ 50 ಸುತ್ತು. ಸುತ್ತಿಗೆ ಎರಡು ಸಲದಂತೆ ಸೆಕೆಂಡಿಗೆ 100 ಸಲ ನಡುಕ. ಕಿವಿಗೆ ಅದು ಗುಂಯ್ ಅಂತಲೇ ಕೇಳುತ್ತದೆ. ಬ್ಯಾಲೆನ್ಸ್ ತಪ್ಪಿದ ಶಾಫ್ಟ್ ಸುತ್ತಿಗೆ ಒಂದೇ ಸಲ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಿಮ್ಮದು ಕಾಲು ತೆಗೆದರೆ ಕಡಿಮೆಯಾಗುತ್ತದೆ. ಎರಡು ಸಲ ಬ್ಯಾಲೆನ್ಸ್ ಮಾಡಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಶಾಫ್ಟ್ ತಯಾರಕರು ವೇಗಕ್ಕೆ ತಕ್ಕಂತೆ ಕೋನಕ್ಕೆ ಮಿತಿ ಇಟ್ಟಿದ್ದಾರೆ: ನಿಮಿಷಕ್ಕೆ 3,000 ಸುತ್ತಿಗೆ ಸುಮಾರು 5.8 ಡಿಗ್ರಿ, 4,000ಕ್ಕೆ 4.25, 5,000ಕ್ಕೆ 3.25. ನೀವು ಮೊದಲ ಮಿತಿಯ ಅಂಚಿನಲ್ಲೇ ಓಡಿಸುತ್ತಿದ್ದೀರಿ.

ಹಾಗಾದರೆ ಎಲ್ಲಿ ಇಡಬೇಕು? ಸಮಾನಾಂತರ ಬೇಕೆಂದರೆ ಪಿನಿಯನ್ ಮೂತಿ 4 ಡಿಗ್ರಿ ಮೇಲೆ ಇರಬೇಕು. ಆದರೆ ನಮಗೆ ಬೇಕಿರುವುದು ನಿಂತಾಗಿನ ಸಮಾನಾಂತರ ಅಲ್ಲ, ಎಳೆಯುವಾಗಿನದು. ಅದಕ್ಕೇ ಮುಂಚೆಯೇ ಸ್ವಲ್ಪ ತಗ್ಗಿಸಿ ಇಡುತ್ತೇವೆ. ನಿಮ್ಮ ಗಾಡಿಗೆ ನಾನು 2 ಡಿಗ್ರಿ ತಗ್ಗಿಸುತ್ತೇನೆ, ಅಂದರೆ ಮೂತಿ 2 ಡಿಗ್ರಿ ಮೇಲೆ ಇರಲಿ. ಯಾಕೆ 3 ಅಲ್ಲ ಅಂದರೆ, ನೀವು ದಿನಾ ಓಡಿಸುವ ಗಾಡಿ ಇದು. ಹೆದ್ದಾರಿಯಲ್ಲಿ ಹಗುರ ಕಾಲಿನಲ್ಲಿ ಹೋಗುವಾಗ ಮೂತಿ 1 ಡಿಗ್ರಿ ಎದ್ದರೆ 3 ಆಯಿತು. ಹಿಂದಿನ ಜಾಯಿಂಟ್ 1.5, ಮುಂದಿನದು 2.5, ಅಂತರ 1. ಪೂರ್ತಿ ಎಳೆದಾಗ 3 ಡಿಗ್ರಿ ಎದ್ದರೆ 5 ಆಯಿತು, ಹಿಂದೆ 3.5, ಮುಂದೆ 2.5, ಅಂತರ ಮತ್ತೆ 1. ಎರಡೂ ಕಡೆ ಮಿತಿಯೊಳಗೆ ಬಂತು. ಬರೀ ಡ್ರ್ಯಾಗ್ ಓಟಕ್ಕೆ ಪಾಟಾ ಗಾಡಿ ಕಟ್ಟುವವರು 5ರಿಂದ 7 ಡಿಗ್ರಿ ತಗ್ಗಿಸುವುದೂ ಉಂಟು. ಅವರಿಗೆ ಬೇಕಿರುವುದು ಕಾಲು ಮೈಲಿಯ ಎಳೆತ ಅಷ್ಟೇ, ಹುಬ್ಬಳ್ಳಿಗೆ ಹೋಗಿ ಬರುವುದಲ್ಲ. ಆ ಅಂಕಿಯನ್ನು ರಸ್ತೆ ಗಾಡಿಗೆ ತರಬೇಡಿ. ಪಾಟಾ ಇಲ್ಲದೆ ಕಾಯಿಲ್ ಸ್ಪ್ರಿಂಗ್, ಆರ್ಮ್‌ಗಳಿದ್ದರೆ 1ರಿಂದ 2 ಡಿಗ್ರಿ ಸಾಕು.

ಇನ್ನು ಸೊನ್ನೆ ಕೋನವೂ ಬೇಡ. ಪೂರ್ತಿ ನೇರವಾಗಿ ಓಡುವ ಜಾಯಿಂಟಿನಲ್ಲಿ ಸೂಜಿ ಬೇರಿಂಗ್ ಉರುಳುವುದೇ ಇಲ್ಲ, ಅದೇ ಜಾಗದಲ್ಲಿ ಕುಟ್ಟುತ್ತಿರುತ್ತದೆ. ಕನಿಷ್ಠ ಅರ್ಧ ಡಿಗ್ರಿ ಇರಲಿ. ನಿಮ್ಮ ಹಳೆ ಕ್ರಾಸ್ ಇನ್ನೂ ಇದ್ದರೆ ಅದರ ನಾಲ್ಕು ಕಾಲುಗಳನ್ನು ಒರೆಸಿ ಉಗುರು ಎಳೆದು ನೋಡಿ. ಉದ್ದುದ್ದ ಗೆರೆಗಳು ಉಗುರಿಗೆ ತಡೆದರೆ ಅದು ಸೂಜಿಗಳು ಕುಟ್ಟಿದ ಗುರುತು. ಬರೀ ನೀಲಿ, ಕಂದು ಬಣ್ಣ ಇದ್ದರೆ ಗ್ರೀಸ್ ಸಾಲದೆ ಸುಟ್ಟಿದ್ದು.

ನಿಮ್ಮ 3 ಡಿಗ್ರಿ ಓರೆ ಬ್ಲಾಕ್ ಉಲ್ಟಾ ಕೂತಿದೆ. ಬ್ಲಾಕ್ ಹಾಕಿ ಗಾಡಿ ತಗ್ಗಿದೆ ಅಂದರೆ ಪಾಟಾ ಹೌಸಿಂಗಿನ ಕೆಳಗಿದೆ. ಅಲ್ಲಿ ದಪ್ಪ ಬದಿ ಮುಂದಕ್ಕೆ ಬಂದರೆ ಮೂತಿ ಮೇಲಾಗುತ್ತದೆ, ಹಿಂದಕ್ಕೆ ಹೋದರೆ ಕೆಳಗಾಗುತ್ತದೆ. (ಪಾಟಾ ಹೌಸಿಂಗಿನ ಮೇಲಿರುವ ಗಾಡಿಗಳಲ್ಲಿ ಇದು ತಿರುವುಮುರುವು.) ಓರೆ ಇಲ್ಲದ ಬ್ಲಾಕ್ ಹಾಕಿದ್ದರೆ ಮೂತಿ 4ರಲ್ಲಿ ಇರುತ್ತಿತ್ತು. ಇದನ್ನೇ ತಿರುಗಿಸಿ ಹಾಕಿದರೆ 1ಕ್ಕೆ ಬರುತ್ತದೆ. ನಮಗೆ ಬೇಕಿರುವುದು 2. ಹಾಗಾಗಿ 2 ಡಿಗ್ರಿ ಓರೆಯ ಹೊಸ ಜೋಡಿ ಮಾಡಿಸಿ, ದಪ್ಪ ಬದಿ ಹಿಂದಕ್ಕೆ. ಉದ್ಯಮಬಾಗಿನಲ್ಲಿ ಇದ್ದುಕೊಂಡು ಮಿಲ್ಲಿಂಗ್ ಮಷಿನ್ ಹುಡುಕುವ ಕಷ್ಟ ನಿಮಗಿಲ್ಲ. ಒಂದೇ ಉಕ್ಕಿನ ತುಂಡಿನಲ್ಲಿ ಮಾಡಿಸಿ. ಎರಡು ಮೂರು ಪಟ್ಟಿ ಒಂದರ ಮೇಲೊಂದು ಪೇರಿಸಬೇಡಿ, ಎಳೆತಕ್ಕೆ ಜಾರುತ್ತವೆ. ಸೆಂಟರ್ ಬೋಲ್ಟ್ ಕೂರುವ ತೂತು ಬಿಗಿಯಾಗಿರಲಿ. ಹಳೆ ಯು-ಬೋಲ್ಟ್ ಮತ್ತೆ ಬಳಸಬೇಡಿ. ಹೊಸದನ್ನು ಹಾಕಿ, 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ.

ಬ್ಲಾಕ್ ಮಾಡಿಸುವ ಮುಂಚೆ ಅಳತೆ ಇನ್ನೊಮ್ಮೆ ತೆಗೆಯಿರಿ. ಮೊಬೈಲ್ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಹಿಂದಿನ ಕ್ಯಾಮೆರಾ ಉಬ್ಬಿಕೊಂಡಿರುತ್ತದೆ, ಅದೇ 1 ಡಿಗ್ರಿ ತಿಂದುಹಾಕುತ್ತದೆ. ಮ್ಯಾಗ್ನೆಟ್ ಇರುವ ಡಿಜಿಟಲ್ ಆಂಗಲ್ ಗೇಜ್ ಬಳಸಿ. ಗಾಡಿಯ ಭಾರ ಚಕ್ರದ ಮೇಲೇ ಇರಬೇಕು. ಹೌಸಿಂಗ್ ಜೋತಾಡುವ ಹಾಗೆ ಬಾಡಿಗೆ ಜ್ಯಾಕ್ ಕೊಟ್ಟು ಅಳೆದರೆ ಬರುವ ಅಂಕಿ ಸುಳ್ಳು. ಗುಂಡಿ ಇರುವ ಗ್ಯಾರೇಜ್ ಒಳ್ಳೆಯದು. ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ. ಶಾಫ್ಟಿನ ಕೊಳವೆಯ ಕೆಸರು, ಬಣ್ಣದ ಗಂಟು ಕೆರೆದು ಗೇಜ್ ಇಡಿ. ಗೇರ್‌ಬಾಕ್ಸ್ ಕಡೆ ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಇಟ್ಟು 90 ಕಳೆಯಬಹುದು. ಪಿನಿಯನ್ ಕಡೆ ಯೋಕ್ ಕಿವಿ ನೇರ ಕೆಳಗೆ ಬರುವಂತೆ ಶಾಫ್ಟ್ ತಿರುಗಿಸಿ, ಬೇರಿಂಗ್ ಕಪ್ಪಿನ ತಳಕ್ಕೆ ಇಡಿ. ಹೌಸಿಂಗಿನ ಎರಕದ ಮೈಗೆ ಇಡಬೇಡಿ, ಅದು ಸಮ ಇರುವುದಿಲ್ಲ. ಗೇಜನ್ನು ಮೂರೂ ಕಡೆ ಒಂದೇ ಬದಿಯಿಂದ ಓದಿ.

ಶಾಫ್ಟ್ ಹೊಸದಾಗಿ ಮಾಡಿಸಿದ್ದೀರಲ್ವಾ, ಅದನ್ನು ಬಿಚ್ಚಿದಾಗ ಇನ್ನೊಂದು ನೋಡಿ. ಎರಡೂ ತುದಿಯ ಕಿವಿಗಳು ಒಂದೇ ಸಾಲಿನಲ್ಲಿ ಇವೆಯೇ? ವೆಲ್ಡಿಂಗ್ ಮಾಡುವಾಗ ತುಸು ತಿರುಗಿದ್ದರೆ, ಅಥವಾ ಶಾಫ್ಟಿನ ನಡುವೆ ಹಲ್ಲಿನ ಜೋಡಣೆ ಇದ್ದು ಒಂದು ಹಲ್ಲು ತಪ್ಪಿ ಕೂತಿದ್ದರೆ, ಯಾವ ಕೋನ ಇಟ್ಟರೂ ನಡುಕ ಹೋಗುವುದಿಲ್ಲ. ಗೇರ್‌ಬಾಕ್ಸ್ ರಬ್ಬರ್ ಮೌಂಟ್ ಕುಸಿದಿದ್ದರೆ ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ಮುಂದಿನ ಕೋನವೇ ದಿನಕ್ಕೊಂದು ಆಗುತ್ತದೆ.

ಹೊಸ ಬ್ಲಾಕ್ ಕೂತ ಮೇಲೆ ಮೂರೂ ಅಂಕಿ ಮತ್ತೆ ತೆಗೆಯಿರಿ, ಮೂತಿ ತಿರುಗಿದಾಗ ಶಾಫ್ಟಿನ ಇಳಿಜಾರೂ ಒಂಚೂರು ಬದಲಾಗಿರುತ್ತದೆ. ಆಮೇಲೆ ಹೊನಗಾ ದಾಟಿ ವಂಟಮುರಿ ಘಾಟ್ ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಸಿ ನೋಡಿ. ಸಪಾಟು ರಸ್ತೆಯಲ್ಲಿ ಸುಮ್ಮನಿದ್ದು ಏರಿನಲ್ಲಿ ಮಾತ್ರ ನಡುಗಿದರೆ ಪಾಟಾ ನಾನು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ತಿರುಚುತ್ತಿದೆ. ಆಗ ಮೂತಿ ಇನ್ನಷ್ಟು ತಗ್ಗಿಸಲು ಹೋಗಬೇಡಿ. ಪಾಟಾ ಹೊಸದು ಮಾಡಿಸಿ, ಇಲ್ಲವೇ ಹೌಸಿಂಗ್ ಉರುಳದಂತೆ ಟ್ರ್ಯಾಕ್ಷನ್ ಬಾರ್ ಕೊಡಿ.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಶಾಫ್ಟಿನ ಮುಂದಿನ ತುದಿಯ ಸುತ್ತ ಉಕ್ಕಿನ ಪಟ್ಟಿಯ ಬಳೆ ಹಾಕಿಸಿ. ಓಡುವಾಗ ಮುಂದಿನ ಕ್ರಾಸ್ ಮುರಿದರೆ ಶಾಫ್ಟ್ ಕೆಳಗೆ ಬಿದ್ದು ರಸ್ತೆಗೆ ನಾಟುತ್ತದೆ, ಗಾಡಿಯ ಹಿಂಭಾಗವನ್ನೇ ಎತ್ತಬಹುದು. ಬಳೆ ಇದ್ದರೆ ಶಾಫ್ಟ್ ಅಲ್ಲೇ ನೇತಾಡುತ್ತದೆ. ಅದು ಆಗುವವರೆಗೆ ಈ ಗಾಡಿಯನ್ನು ಜೋರಾಗಿ ಓಡಿಸಬೇಡಿ.

ಪ್ರಶ್ನೆ: ನನ್ನದು ಹಿಂದಿನ ಚಕ್ರ ಎಳೆಯುವ ಸೆಕೆಂಡ್ ಹ್ಯಾಂಡ್ ಜರ್ಮನ್ ಸೆಡಾನ್. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್. ನಾನೂ ಪಿನಿಯನ್ ಕೋನ ಸೆಟ್ ಮಾಡಿಸಬೇಕೇ? ಹೊರಡುವಾಗ ಒಂದು ಸಲ ನಡುಗುತ್ತದೆ.
— ಓದುಗರು, ವಿಜಯಪುರ

ಉತ್ತರ: ಬೇಡ. ನಿಮ್ಮ ಗಾಡಿಯಲ್ಲಿ ಡಿಫರೆನ್ಷಿಯಲ್ ಬಾಡಿಯ ಕಡೆಗೇ ಬೋಲ್ಟ್ ಆಗಿರುತ್ತದೆ. ಚಕ್ರ ಮೇಲೆ ಕೆಳಗೆ ಆದರೂ ಪಿನಿಯನ್ ಅಲ್ಲೇ ಇರುತ್ತದೆ. ಶಾಫ್ಟಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ರಬ್ಬರ್ ಡಿಸ್ಕ್ ನೋಡಿ, ಬೋಲ್ಟ್ ತೂತಿನ ಸುತ್ತ ಬಿರುಕು ಬಿಟ್ಟಿರಬಹುದು. ನಂತರ ಶಾಫ್ಟಿನ ನಡುವಿನ ಸೆಂಟರ್ ಬೇರಿಂಗ್ ರಬ್ಬರ್, ಆಮೇಲೆ ಡಿಫರೆನ್ಷಿಯಲ್ ಬುಷ್. ಈ ಮೂರರಲ್ಲಿ ಒಂದು ಹೋಗಿರುವ ಸಾಧ್ಯತೆಯೇ ಜಾಸ್ತಿ. ಬಿಚ್ಚುವ ಮುಂಚೆ ಶಾಫ್ಟಿನ ಎರಡು ತುಂಡುಗಳ ಮೇಲೂ ಬಣ್ಣದಲ್ಲಿ ಗುರುತು ಹಾಕಿ, ಕೂಡಿಸುವಾಗ ಅದೇ ಗುರುತಿಗೆ ಕೂಡಿಸಿ.